ವೆಬ್‌ಸೈಟಿಗೊಂದು ದೃಷ್ಟಿಬೊಟ್ಟು

ಹಳಿಯಾಳ ತಾಲೂಕಿನಲ್ಲಿ ವೆಬ್‌ಸೈಟ್ ಎಂದರೆ ಜನ ನನ್ನ ಮನೆಯ ಕಡೆ ಬೆರಳು ತೋರಿಸಬೇಕು! ಹೀಗೆಂದು ನಾನು ನಿಶ್ಚಯಿಸಿದ್ದು ಒಲೆಯ ಮುಂದೆ, ಶೇಂಗಾ ಹುರಿಯುತ್ತಿದ್ದಾಗ. ಬರೀ ವೆಬ್‌ಸೈಟ್ ಅಲ್ಲ, ಡೈನಾಮಿಕ್ ವೆಬ್‌ಸೈಟ್! ಜಗತ್ತಿನ ಸಕಲ ನಿಯಮಗಳನ್ನೂ ಪಾಲಿಸಿ, ಸಕಲ ಮೊಬೈಲುಗಳಲ್ಲೂ ತಲೆಯೆತ್ತಿ ನಿಲ್ಲುವ ವೆಬ್‌ಸೈಟ್! ಈ ಮಹಾಸಂಕಲ್ಪದ ಭರದಲ್ಲಿ ಶೇಂಗಾ ಒಂದು ಕಡೆ ಸೀದು ಹೋದವು. ಹೋಗಲಿ, ಮಹಾಕಾರ್ಯಗಳಲ್ಲಿ ಇಷ್ಟು ನಷ್ಟ ಇದ್ದದ್ದೇ.

ಈ ವೀರಾವೇಶಕ್ಕೆ ಕಾರಣ ಸುಶೀಲವ್ವ. ನನ್ನ ಮೈದುನನ ಹೆಂಡತಿ. ಇರುವುದು ದಾಂಡೇಲಿಯಲ್ಲಿ. ನಾನು ಹಳಿಯಾಳದಲ್ಲಿ ಚಟ್ನಿಪುಡಿ ಮಾಡಿ ಮಾರುತ್ತೇನೆ. ಅವಳು ಅಲ್ಲಿ ಖಡಕ್ ರೊಟ್ಟಿ ಮಾಡಿ, ಕಾಳಿ ನದಿಯಲ್ಲಿ ರಬ್ಬರ್ ದೋಣಿ ಏರಲು ಬರುವ ಪ್ರವಾಸಿಗರಿಗೆ ಮಾರುತ್ತಾಳೆ. ಇಬ್ಬರಿಗೂ ಕೈ ಹಿಡಿದು ಕಲಿಸಿದವರು ನಮ್ಮ ಅತ್ತೆ ಕಾಶೆವ್ವ, ತೇರಗಾಂವದ ಮಗಳು. ಅತ್ತೆ ಇರುವುದು ನನ್ನ ಮನೆಯಲ್ಲಿ. ಉಣ್ಣುವುದು ನನ್ನ ಅಡುಗೆ. ಹೊಗಳುವುದು ಮಾತ್ರ ಸುಶೀಲಾಳನ್ನು!

"ಸುಶೀಲಾ ವೆಬ್‌ಸೈಟ ಮಾಡಿಸ್ಯಾಳಂತ ಶಾಂತಾ. ಅಕಿ ರೊಟ್ಟಿ ದಿಲ್ಲಿಯಾಗೂ ಕಾಣತಾವಂತ."

"ಕಾಣತಾವ ಅತ್ತೀ. ತಿನ್ನಾಕ ಸಿಗಬೇಕಲ್ಲ."

"ಕಾಣೂದ ದೊಡ್ಡದು ತಂಗಿ. ನಿನ್ನ ಚಟ್ನಿ ಎಲ್ಲೆ ಕಾಣತೈತಿ?"

ನನ್ನ ಚಟ್ನಿ ಡಬ್ಬಿಯೊಳಗೆ ಕಾಣುತ್ತಿತ್ತು, ಅದೂ ಮುಚ್ಚಳ ತೆಗೆದರೆ.

ಸ್ವಭಾವತಃ ನನ್ನ ಮಾತು ಕಡಿಮೆ. ಯಾರು ಏನೇ ಹೇಳಲಿ, ಕುಳಿತು ಪೂರ್ತಿ ಕೇಳಿಸಿಕೊಳ್ಳುವವಳು. ಮುಂಜಾನೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸದೆ ಹನಿ ನೀರು ಮುಟ್ಟುವವಳಲ್ಲ. 'ಶಿವನೇ, ಯಾರ ಮೇಲೂ ಹೊಟ್ಟೆಕಿಚ್ಚು ಬಾರದ ಹಾಗೆ ನೋಡಿಕೊ' ಎಂದು ದಿನಾಲು ಬೇಡಿಕೊಳ್ಳುತ್ತೇನೆ. ಮರುದಿನವೂ ಬೇಡಿಕೊಂಡೆ. ಜೊತೆಗೆ, 'ಅವಳ ಸೈಟಿಗಿಂತ ನನ್ನದು ಒಂದು ಬೆರಳಾದರೂ ಮೇಲಿರಲಿ' ಎಂದೂ ಮೆಲ್ಲಗೆ ಸೇರಿಸಿದೆ. ಇದು ಹೊಟ್ಟೆಕಿಚ್ಚಲ್ಲ, ಜ್ಞಾನದಾಹ!

ಸುಶೀಲಾ ಮಾಡಿಸಿದ್ದಳು. ಆದ್ದರಿಂದ ನಾನು ಸ್ವತಃ ಮಾಡಬೇಕು. ಅಲ್ಲಿಗೇ ಅರ್ಧ ಗೆದ್ದ ಹಾಗಾಯಿತಲ್ಲ! ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಕೋಡ್ ಬರೆಯಬೇಕಾಗಿಲ್ಲ, ಬೇಕಾದ್ದನ್ನು ಎಳೆದು ಬೇಕಾದಲ್ಲಿ ಇಟ್ಟರೆ ಸಾಕು ಎನ್ನುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ವಿಡಿಯೋ ನೋಡುತ್ತಾ ಕಲಿಯತೊಡಗಿದೆ. ವಿಡಿಯೋದವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅಡುಗೆಮನೆಯ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ, ಅದರೊಳಗೆ ಇನ್ನೂ ಸಣ್ಣದು. ಒಳಗಿನದರ ಮುಚ್ಚಳ ಹಾಕದೆ ಹೊರಗಿನದನ್ನು ಮುಚ್ಚಬಾರದು. ಎಲ್ಲ ಪುಟಗಳಿಗೂ ಒಂದೇ ರೂಪ ಕೊಡುವ ಟೆಂಪ್ಲೇಟ್ ಎಂದರೆ ಚಕ್ಕುಲಿಯ ಅಚ್ಚು: ಅಚ್ಚಿನಲ್ಲಿ ಒಂದು ಹಲ್ಲು ಸೊಟ್ಟಗಾದರೆ ಎಲ್ಲ ಚಕ್ಕುಲಿಯೂ ಸೊಟ್ಟ. ಡೈನಾಮಿಕ್ ಎಂದರೆ, ಹಿಂದೊಂದು ಪಟ್ಟಿಯಲ್ಲಿ ಚಟ್ನಿಯ ಹೆಸರು, ಬೆಲೆ, ಗುಣ ತುಂಬಿದರೆ ಮುಂದೆ ಪುಟ ತಾನಾಗಿಯೇ ಬಡಿಸಿಕೊಳ್ಳುವುದು. ಬಡಿಸುವ ಕೆಲಸ ತಪ್ಪಿಸುವ ವಿದ್ಯೆ ಇದೆಯೆಂದು ಗೊತ್ತಿದ್ದರೆ ನಾನು ಮೊದಲೇ ಕಲಿಯುತ್ತಿರಲಿಲ್ಲವೇ!

ನಮ್ಮ ಯಜಮಾನರು ಹಾರ್ಡ್‌ವೇರ್ ಅಂಗಡಿಯಿಂದ ಊಟಕ್ಕೆ ಬಂದರೆ ತಾಟು ಖಾಲಿ.

"ಏನ ನಡಸೀ ಇದು?"

"ಡಬ್ಬಿ ಮುಚ್ಚಾಕತ್ತೇನ್ರಿ."

"ಡಬ್ಬಿ ಆಮ್ಯಾಲ ಮುಚ್ಚು. ಮೊದಲ ಅನ್ನದ ಬೋಗಾಣಿ ತಗಿ."

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾಸದ ಸಾಲಿನಲ್ಲಿ ಹೆಸರು ಹುದುಗಿಸಿ, ಒಡಪು ಕಟ್ಟಿ ಹೇಳಬಹುದು. ಆದರೆ ಪಟ್ಟಿಯಲ್ಲಿ ಮಾಲೀಕರ ಹೆಸರು ಬರೆಯುವ ಕಡೆ ಒಡಪು ಹಿಡಿಸಲಿಲ್ಲ. 'ಇವರು' ಎಂದು ಬರೆದು, ಇವರ ಫೋಟೋ ಸೇರಿಸಿದೆ. ಆದರೆ ಯಾವ ಕಾಲಮಿನಲ್ಲಿ ಸೇರಿಸಿದೆನೋ ಶಿವನೇ ಬಲ್ಲ. ಪುಟ ತೆರೆದು ನೋಡಿದರೆ ಪ್ರತಿ ಚಟ್ನಿಯ ಮೇಲೂ ಇವರೇ ಮೀಸೆ ತಿರುವಿ ಕೂತಿದ್ದಾರೆ! ಗುರೆಳ್ಳು ಚಟ್ನಿ ಇವರು: 'ಬಣ್ಣ ಕಪ್ಪು, ಗುಣ ಒಳ್ಳೆಯದು.' ಕೆಂಪುಖಾರ ಇವರು: 'ಬೆಣ್ಣೆ ಹಚ್ಚಿದರೆ ತಣ್ಣಗಾಗುತ್ತದೆ.' ಶೇಂಗಾ ಚಟ್ನಿ ಇವರು: 'ಹಳೆಯ ಸರಕು ವಾಪಸು ತೆಗೆದುಕೊಳ್ಳುವುದಿಲ್ಲ.'

ಇವರು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು.

"ಕಡೀದ್ದಂತೂ ಖರೇ ಐತಿ. ನಿಮ್ಮಪ್ಪನೂ ಇದನ್ನ ಹೇಳಿದ್ದ."

ಅದನ್ನು ಸರಿಪಡಿಸಿದೆ. ಆಗ ಶುರುವಾಯಿತು ನಿಯಮಪಾಲನೆಯ ಕಾಂಡ. ಸಾಫ್ಟ್‌ವೇರಿನೊಳಗೆ ಒಂದು ತಪ್ಪು ಹುಡುಕುವ ಯಂತ್ರವಿದೆ. ಗುಂಡಿ ಒತ್ತಿದರೆ ಸಾಕು, ನನ್ನ ಪುಟದ ಮೇಲೆ ದಡಾರ ಎದ್ದ ಹಾಗೆ ಕೆಂಪು ಗುಳ್ಳೆಗಳು! ಇಲ್ಲಿ ಮುಚ್ಚಳವಿಲ್ಲ, ಅಲ್ಲಿ ಬಣ್ಣ ಸರಿಯಿಲ್ಲ, ಹಳದಿಯ ಮೇಲೆ ಗುಲಾಬಿ ಅಕ್ಷರ ಕಾಣುವುದಿಲ್ಲ. ಹಿರಿಯ ಶೀರ್ಷಿಕೆ ಬಾರದೆ ಕಿರಿಯ ಶೀರ್ಷಿಕೆ ಬರಬಾರದು ಎಂದೂ ಅದು ಹೇಳಿತು. ಅದು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ನಾನು ಹಿರಿಯ ಸೊಸೆ. ಕಿರಿಯ ಸೊಸೆಗೆ ಮೊದಲು ವೆಬ್‌ಸೈಟ್ ಬಂದದ್ದು ಜಾಗತಿಕ ನಿಯಮದ ಉಲ್ಲಂಘನೆಯೇ ಅಲ್ಲವೇ!

ಒಂದೊಂದೇ ಗುಳ್ಳೆ ಒಣಗುತ್ತಾ ಬಂದಂತೆ ಪುಟ ಎಷ್ಟು ಚೆಂದವಾಯಿತೆಂದರೆ ನನಗೇ ಭಯವಾಯಿತು. ಮೇಲೆ 'ಕಾಶೆವ್ವನ ಚಟ್ನಿ, ಹಳಿಯಾಳ' ಎಂಬ ದಪ್ಪ ಅಕ್ಷರ. (ಹೌದು, ಅತ್ತೆಯ ಹೆಸರೇ ಇಟ್ಟೆ. ಇಷ್ಟು ವರ್ಷ ಅವರ ಬಾಯಿಂದ ಜಾಣೆ ಎನ್ನುವ ಒಂದು 'ಶಾಣ್ಯಾಕಿ' ಬೀಳಲಿ ಎಂದು ಕಾದವಳಿಗೆ ಇಷ್ಟಾದರೂ ಉಪಾಯ ಬೇಡವೇ?) ಇಷ್ಟು ಚೆಂದದ ವಸ್ತುವನ್ನು ನಾಳೆ ಸುಶೀಲಾ ನೋಡುತ್ತಾಳೆ. ಕಣ್ಣರಳಿಸಿ ನೋಡುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ನೋಡಿದರೂ ಕಣ್ಣು ಕಣ್ಣೇ!

ಕೂಸಿನ ಗಲ್ಲಕ್ಕೆ ಕಾಡಿಗೆ ಇಡುತ್ತೇವೆ. ಹೊಸ ಮನೆಯ ಮುಂದೆ ಬೂದುಗುಂಬಳ ಕಟ್ಟುತ್ತೇವೆ. ಬೆವರು ಸುರಿಸಿ ಕಟ್ಟಿದ ವೆಬ್‌ಸೈಟನ್ನು ಹಾಗೇ ಬಿಡಲಾದೀತೇ? ಪುಟದ ಮೇಲ್ತುದಿಯ ಬಲಮೂಲೆಯಲ್ಲಿ, ಹೆಸರಿನ ಪಕ್ಕದಲ್ಲೇ, ಒಂದು ಕಪ್ಪು ದೃಷ್ಟಿಬೊಟ್ಟು ಇಟ್ಟುಬಿಟ್ಟೆ. ಅದೂ ಟೆಂಪ್ಲೇಟಿನಲ್ಲೇ! ಒಂದು ಪುಟಕ್ಕೆ ಕಣ್ಣು ತಾಗದೆ ಇನ್ನೊಂದಕ್ಕೆ ತಾಗಿದರೆ ಏನು ಪ್ರಯೋಜನ?

ಯಂತ್ರ ಬಿಡಬೇಕಲ್ಲ! ಒಣಗಿದ್ದ ಮೈಮೇಲೆ ಮತ್ತೆ ಒಂದು ಗುಳ್ಳೆ: 'ಈ ಚಿತ್ರಕ್ಕೆ ವಿವರವಿಲ್ಲ.' ಕೆಳಗೊಂದು ಖಾಲಿ ಚೌಕ. ಬರೆದದ್ದು ಪುಟದ ಮೇಲೆ ಕಾಣುವುದಿಲ್ಲ, ಹಿಂದೆ ಇರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಯಾಕೆ ಬೇಕು ಎಂದು ಹೇಳುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆದು ನಾನು ಎದ್ದು ಹೋಗಿದ್ದೆ. ಸರಿ, ಯಂತ್ರ ಕೇಳುತ್ತಿದೆ, ಯಂತ್ರಕ್ಕೆ ಉತ್ತರ ಕೊಟ್ಟರಾಯಿತು. 'ಚುಕ್ಕಿ' ಎಂದು ಬರೆದು ಮುಗಿಸಬಹುದಿತ್ತು. ಆದರೆ ಬೆಳಗ್ಗೆ ಲಿಂಗ ಮುಟ್ಟಿದ ಕೈಯಿಂದ ಸುಳ್ಳು ಬರೆಯುವುದೇ? ಇದ್ದದ್ದನ್ನು ಇದ್ದ ಹಾಗೆ, ಸರ್ಕಾರಿ ಗಾಂಭೀರ್ಯದಲ್ಲಿ ಬರೆದೆ:

'ದೃಷ್ಟಿಬೊಟ್ಟು. ದಾಂಡೇಲಿಯ ಸುಶೀಲಾಳ ಕಣ್ಣು ಬೀಳದಿರಲೆಂದು ಇಡಲಾಗಿದೆ. ಅವಳ ರೊಟ್ಟಿಯ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ.'

ಗುಳ್ಳೆ ಮಾಯ! ಯಂತ್ರ ಹಸಿರು ಬಾವುಟ ತೋರಿಸಿತು. ವಿವರ ಇದೆಯೇ ಎಂದಷ್ಟೇ ಅದು ನೋಡುತ್ತದೆ; ವಿವರ ಬರೆದವಳಿಗೆ ವಿವೇಕ ಇದೆಯೇ ಎಂದು ನೋಡುವ ಗುಂಡಿ ಅದರಲ್ಲಿ ಇರಲಿಲ್ಲ.

ಮೊದಲ ಪರೀಕ್ಷೆಗೆ ಪಕ್ಕದ ಮನೆಯ ಖತೀಜಾಬಿಯ ಮೊಬೈಲಿಗೆ ಕಳಿಸಿದೆ. ಅವಳು ಓಣಿ ದಾಟಿ ಓಡಿ ಬಂದಳು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ.

"ಶಾಂತಕ್ಕಾ, ನಿಮ್ಮ ಸೈಟ ಭಾಳ ಚಲೋ ಐತ್ರಿ. ಆದ್ರ ಅದನ್ನ ತಗದಾಗಿಂದ ನನ್ನ ಮೊಬೈಲಿಗೆ ಹೊಲಸ ಹತ್ತೇತಿ ನೋಡ್ರಿ. ತಿಕ್ಕೀ ತಿಕ್ಕೀ ಸಾಕಾತು, ಹೋಗವಲ್ದು!"

"ಅದು ಹೊಲಸ ಅಲ್ಲ ಖತೀಜಾ, ಬೊಟ್ಟು."

"ಯಾ ಅಲ್ಲಾ! ವೆಬ್‌ಸೈಟಿಗೂ ನಜರ್ ಆಗತೈತೇನ್ರಿ?"

"ಆಗಬಾರದಂತನ ಇಟ್ಟೇನಿ."

"ಹಂಗಿದ್ರ ಇರಲಿ ಬಿಡ್ರಿ," ಎಂದು ಅವಳು ಸೆರಗು ಸರಿ ಮಾಡಿಕೊಂಡಳು. ಕಣ್ಣಿನ ವಿಷಯದಲ್ಲಿ ನಮ್ಮಿಬ್ಬರ ಮನೆಯ ಶಾಸ್ತ್ರ ಒಂದೇ.

ಇಲ್ಲಿಯವರೆಗೂ ನಾನು ಕ್ಷೇಮವಾಗಿದ್ದೆ. ಮುಂದಿನದನ್ನು ಮಾಡಿದ್ದು ಅತ್ತೆಯ ಫೋನು.

ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂಜಾಗಿ, ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಅದಕ್ಕೆ ಮೈದುನ ಒಂದು ಫೋನು ತಂದುಕೊಟ್ಟು, ಬೆರಳು ಇಟ್ಟಲ್ಲಿ ಇದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಾಡಿಕೊಟ್ಟಿದ್ದಾನೆ. ಒಳಗೊಂದು ಹೆಣ್ಣುದನಿ ಶುದ್ಧ ಕನ್ನಡದಲ್ಲಿ ಓದುತ್ತದೆ. ಅತ್ತೆ ಅದನ್ನು 'ಫೋನಿನ್ಯಾಕಿ' ಎನ್ನುತ್ತಾರೆ. ಫೋನಿನ್ಯಾಕಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ದೃಢ ನಂಬಿಕೆ. ಒಂದು ದಿನ ಅವರು ಪಡಸಾಲೆಯಲ್ಲಿ ಕುಳಿತು ಸುಶೀಲಾಳ ವೆಬ್‌ಸೈಟ್ ತೆರೆಸಿಕೊಂಡರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಕೇಳಿಸಿಕೊಳ್ಳುವುದು ನನ್ನ ಸ್ವಭಾವ ಎಂದು ಆಗಲೇ ಹೇಳಿದೆನಲ್ಲ.

"ಚಿತ್ರ," ಎಂದಿತು ಫೋನು. "ಹೆಸರಿಲ್ಲದ ಚಿತ್ರ. ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ."

ಸುಶೀಲಾ ದುಡ್ಡು ಕೊಟ್ಟು ಮಾಡಿಸಿದ ಸೈಟು ಅಷ್ಟೇ ಮಾತಾಡಿತು! ರೊಟ್ಟಿಯ ಹೆಸರು, ಬೆಲೆ ಎಲ್ಲವನ್ನೂ ಚಿತ್ರದೊಳಗೆ ಅಚ್ಚು ಮಾಡಿಬಿಟ್ಟಿದ್ದರು. ನನ್ನ ಎದೆಯಲ್ಲಿ ದೀಪ ಹತ್ತಿತು. ಆ ಖಾಲಿ ಚೌಕ ಯಾಕೆ ಇದೆ ಎಂದು ಆಗ ಗೊತ್ತಾಯಿತು. ಕಣ್ಣಿಲ್ಲದವರಿಗೆ ಚಿತ್ರ ಹೇಳಿ ತೋರಿಸಲು!

"ಕೇಳಿದೇನ ಶಾಂತಾ?" ಅತ್ತೆ ಕೂಗಿದರು. "ಎಷ್ಟ ಚಿತ್ರ ಹಾಕ್ಯಾಳ! ಶಾಣ್ಯಾಕಿ!"

ಹಾಕಲಿ. ಚಿತ್ರ ಅವಳಿಗಿರಲಿ, ಮಾತು ನನಗಿರಲಿ! ಆ ವಾರವೆಲ್ಲ ಕುಳಿತು ನನ್ನ ಒಂದೊಂದು ಚಟ್ನಿಯ ಫೋಟೋಕ್ಕೂ ವಿವರ ಬರೆದೆ. 'ಹಿತ್ತಾಳೆಯ ಬಟ್ಟಲಿನಲ್ಲಿ ಶೇಂಗಾ ಚಟ್ನಿ. ಒರಳಿನಲ್ಲಿ ಕುಟ್ಟಿದ್ದರಿಂದ ಅಲ್ಲಲ್ಲಿ ಕಾಳು ಉಳಿದಿವೆ. ಪಕ್ಕದಲ್ಲಿ ಬಿಸಿ ರೊಟ್ಟಿ, ಮೇಲೆ ಕರಗುತ್ತಿರುವ ಬೆಣ್ಣೆ.' ಬರೆಯುತ್ತಾ ನನಗೇ ಬಾಯಲ್ಲಿ ನೀರು. ಇವರ ಫೋಟೋಕ್ಕೆ 'ಇವರು' ಎಂದಷ್ಟೇ ಬರೆದೆ. ಬೊಟ್ಟು? ಅದು ಟೆಂಪ್ಲೇಟಿನೊಳಗಿತ್ತು. ಪುಟ ತೆರೆದಾಗ ಟೆಂಪ್ಲೇಟಿನ ಸಾಮಾನನ್ನು ಮುಟ್ಟಲು ಬರುವುದಿಲ್ಲ. ಕೈಗೆ ಸಿಗದ್ದು ನನಗೆ ನೆನಪಿಗೂ ಸಿಗಲಿಲ್ಲ.

ಉದ್ಘಾಟನೆಗೆ ಶ್ರಾವಣ ಸೋಮವಾರ ಗೊತ್ತು ಮಾಡಿ, ಸುಶೀಲಾಳಿಗೆ ನಾನೇ ಫೋನು ಮಾಡಿ ಕರೆದೆ. ಗೆಲುವನ್ನು ಸೋತವರು ನೋಡದಿದ್ದರೆ ಅದು ಗೆಲುವೇ? ಪಾಪ, ಅವಳು ದಾಂಡೇಲಿಯಿಂದ ಬಸ್ಸು ಹತ್ತಿ, ಒಂದು ಪೊಟ್ಟಣ ರೊಟ್ಟಿ ಕಟ್ಟಿಕೊಂಡು ಬಂದಳು. ಪೂಜೆಯಾಯಿತು, ಪ್ರಸಾದವಾಯಿತು. ಖತೀಜಾಬಿಯೂ ಬಂದು ಬಾಗಿಲ ಹತ್ತಿರ ಕುಳಿತಳು. ನಾನು ಅತ್ತೆಯ ಫೋನಿನಲ್ಲಿ ಸೈಟು ತೆರೆದು, ಎರಡೂ ಕೈಯಿಂದ ಅವರ ಕೈಗೆ ಕೊಟ್ಟೆ.

"ಅತ್ತೀ, ಬೆರಳ ಸರಸ್ರಿ. ಫೋನಿನ್ಯಾಕಿ ಹೇಳತಾಳ."

ಅತ್ತೆ ಬೆರಳು ಸರಿಸಿದರು.

"ಕಾಶೆವ್ವನ ಚಟ್ನಿ, ಹಳಿಯಾಳ," ಎಂದಿತು ಫೋನು.

ಅತ್ತೆಯ ಮುಖ ಅರಳಿತು! "ನನ್ನ ಹೆಸರ! ಯವ್ವಾ ಶಾಂತಾ, ನನ್ನ ಹೆಸರ ಇಟ್ಟೀಯೇನ?" ಆ ಕಾಣದ ಕಣ್ಣಲ್ಲಿ ನೀರು. ಇನ್ನೇನು ಬಂತು, 'ಶಾಣ್ಯಾಕಿ' ಎಂಬ ಮಾತು ಅವರ ತುಟಿಯ ತನಕ ಬಂತು. ಅಷ್ಟರಲ್ಲಿ ಬೆರಳು ಇನ್ನೊಮ್ಮೆ ಸರಿಯಿತು.

"ದೃಷ್ಟಿಬೊಟ್ಟು," ಎಂದಿತು ಫೋನು, ರೈಲ್ವೆ ನಿಲ್ದಾಣದಲ್ಲಿ ಗಾಡಿ ಬರುವುದನ್ನು ಸಾರುವ ದನಿಯಲ್ಲಿ. "ದಾಂಡೇಲಿಯ ಸುಶೀಲಾಳ ಕಣ್ಣು ಬೀಳದಿರಲೆಂದು ಇಡಲಾಗಿದೆ. ಅವಳ ರೊಟ್ಟಿಯ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಚಿತ್ರ."

ಎಲ್ಲರ ಮುಖ ನನ್ನ ಕಡೆ ತಿರುಗಿತು. ಊದಿನಕಡ್ಡಿಯ ಹೊಗೆ ಕೂಡ ನಿಂತ ಹಾಗಾಯಿತು.

ನಾನು ಹಾರಿ ಫೋನಿನ ಮೇಲೆ ಬೆರಳು ಒತ್ತಿದೆ. ಸಾಮಾನ್ಯ ಫೋನಾಗಿದ್ದರೆ ಏನಾದರೂ ಮುಚ್ಚುತ್ತಿತ್ತು. ಅತ್ತೆಯ ಫೋನಿನಲ್ಲಿ ಮುಟ್ಟಿದರೆ ಮುಚ್ಚುವುದಿಲ್ಲ, ಮುಟ್ಟಿದ್ದನ್ನು ಓದುತ್ತದೆ!

"ದೃಷ್ಟಿಬೊಟ್ಟು. ದಾಂಡೇಲಿಯ ಸುಶೀಲಾಳ ಕಣ್ಣು ಬೀಳದಿರಲೆಂದು..."

"ರೀ, ಬಂದ ಮಾಡ್ರಿ ಅದನ್ನ!"

ಇವರು ಕಸಿದುಕೊಂಡು, ನಟ್ಟು ಬಿಗಿಯುವ ಹಾಗೆ ಪಟಪಟ ಎರಡು ಸಲ ಒತ್ತಿದರು. ಇನ್ನೊಂದು ಪುಟ ತೆರೆದುಕೊಂಡಿತು. ಹೊಸ ಪುಟವನ್ನು ಫೋನು ಮೊದಲಿನಿಂದ ಓದತೊಡಗಿತು. ಎಲ್ಲ ಪುಟಕ್ಕೂ ಒಂದೇ ಅಚ್ಚು!

"ಕಾಶೆವ್ವನ ಚಟ್ನಿ, ಹಳಿಯಾಳ. ದೃಷ್ಟಿಬೊಟ್ಟು. ದಾಂಡೇಲಿಯ ಸುಶೀಲಾಳ..."

"ಮುಂದಿನ ಪುಟಕ್ಕ ಹೋಗ್ರಿ ಭಾಯಿ!" ಖತೀಜಾಬಿ ನೆರವಿಗೆ ಬಂದಳು.

"ಮುಂದೂ ಅದ ಐತಿ ಖತೀಜಾ!" ನಾನು ಅಳುದನಿಯಲ್ಲಿ ಕೂಗಿದೆ.

"...ಹೊಟ್ಟೆಕಿಚ್ಚಿಲ್ಲ. ಚಿತ್ರ. ಇವರು. ಚಿತ್ರ."

ಕೊನೆಗೆ ಇವರು ಫೋನನ್ನು ದಿಂಬಿನ ಕೆಳಗೆ ತುರುಕಿ ಮೇಲೆ ಕುಳಿತರು. ದಿಂಬಿನೊಳಗಿಂದಲೂ ಫೋನಿನ್ಯಾಕಿ ಒಂದಷ್ಟು ಹೊತ್ತು ಗೊಣಗಿ, ತನ್ನ ಕರ್ತವ್ಯ ಮುಗಿಸಿ ಸುಮ್ಮನಾದಳು.

ನಾನು ನೆಲ ನೋಡುತ್ತಾ ನಿಂತೆ. ಸುಶೀಲಾ ಎದ್ದು ಬಸ್ ನಿಲ್ದಾಣದ ದಾರಿ ಹಿಡಿಯುತ್ತಾಳೆ, ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ. ಒಂದು ವಿಚಿತ್ರ ಸದ್ದು ಬಂತು. ಅಳುತ್ತಿದ್ದಾಳೆಯೇ? ತಲೆಯೆತ್ತಿದೆ. ಅವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು!

"ಅಯ್ಯ ಅಕ್ಕಾ! ನನ್ನ ಕಣ್ಣಿಗೆ ಇಷ್ಟ ತಾಕತ್ತ ಐತಿ ಅಂತ ನನಗ ಗೊತ್ತಿರಲಿಲ್ಲಲ್ರಿ! ಗೊತ್ತಿದ್ರ ಮೊದಲ ನಿಮ್ಮ ಮಿಕ್ಸರ್ ಮ್ಯಾಲೆ ಹಾಕತಿದ್ದೆ."

ಅತ್ತೆ ಕೈ ಎತ್ತಿದರು.

"ಶಾಂತಾ, ಇಲ್ಲೆ ಬಾ. ಈ ಮನಿಗೆ ಬಂದಾಗಿಂದ ನೀ ಎಲ್ಲಾರ ಮಾತೂ ಕೇಳ್ಕೋತ ಕುಂತಿ. ನಿನ್ನ ಮನಸಿನಾಗ ಏನೈತಿ ಅನ್ನೂದು ನನಗ ಒಂದಿನ ಗೊತ್ತಾಗಲಿಲ್ಲ. ನಿನ್ನ ವೆಬ್‌ಸೈಟ ಚಲೋ ಐತಿ ನೋಡು. ಇದ್ದದ್ದನ್ನ ಇದ್ದಂಗ ಹೇಳತೈತಿ."

ವರ್ಷಗಟ್ಟಲೆ ಕಾದಿದ್ದ ಹೊಗಳಿಕೆ ಬಂತು. ಬಂದದ್ದು ಹೀಗೆ! ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ತಪ್ಪಾತು ಸುಶೀಲಾ," ಎಂದೆ.

"ತಪ್ಪಾತು ಅಂದ್ರ ಮುಗೀಲಿಲ್ರಿ ಅಕ್ಕಾ," ಎಂದಳು ಅವಳು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕಣ್ಣು ಒರೆಸಿಕೊಳ್ಳುತ್ತಾ. "ದಂಡ ಐತಿ. ನನ್ನ ಸೈಟಿನ್ಯಾಗ ಚಿತ್ರಕ್ಕ ಬಾಯಿ ಇಲ್ಲ. ಅತ್ತಿಯವ್ರಿಗೆ ಬರೇ ಚಿತ್ರ, ಚಿತ್ರ ಅಂತ ಕೇಳಿಸತೈತಿ. ನನ್ನ ರೊಟ್ಟಿ ಬಗ್ಗೆ ನೀವ ಬರದ ಕೊಡಬೇಕು."

"ನಾನು? ನಿನ್ನ ರೊಟ್ಟಿ ಬಗ್ಗೆ?"

"ಹೂಂನ್ರಿ. ಹೊಟ್ಟಿಕಿಚ್ಚೇನೂ ಇಲ್ಲಂತ ಬರದೀರಲ್ಲ!"

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅಂದೇ ಬೊಟ್ಟನ್ನು ಅಳಿಸಿದೆ. ಮರುದಿನ ಅವಳ ಸೈಟನ್ನು ನನ್ನ ಸಾಫ್ಟ್‌ವೇರಿಗೆ ಇಳಿಸಿಕೊಂಡು, ಮುಚ್ಚಳವಿಲ್ಲದ ಅವಳ ಡಬ್ಬಿಗಳನ್ನೆಲ್ಲ ನಾನೇ ಮುಚ್ಚಿದೆ. ರೊಟ್ಟಿಯ ಮೊದಲ ಚಿತ್ರಕ್ಕೆ ಬರೆದೆ: 'ರೊಟ್ಟಿ.' ಸುಶೀಲಾ ಫೋನು ಮಾಡಿದಳು.

"ಇಷ್ಟ ಏನ್ರಿ ಅಕ್ಕಾ? ನಿಮ್ಮ ಶೇಂಗಾಕ್ಕ ಬೆಣ್ಣಿ ಸುದ್ದಾ ಕರಗಸೀರಿ!"

'ದುಂಡಗಿನ ರೊಟ್ಟಿ' ಎಂದು ತಿದ್ದಿದೆ.

"ಅಕ್ಕಾ, ನಾ ತಂದ ರೊಟ್ಟಿ ತಿಂದ್ರೋ ಇಲ್ಲೋ?"

ತಿಂದಿರಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಚೂರು ಮುರಿದೆ. ಟಕ್ ಎಂದು ಮುರಿಯಿತು. ಕಾಗದದಷ್ಟು ತೆಳು, ಬಾಯಿಗಿಟ್ಟರೆ ಎಳ್ಳಿನ ಪರಿಮಳ. ಇನ್ನೊಂದು ಚೂರು ತಿಂದೆ. ಆಮೇಲೆ ಇಡೀ ರೊಟ್ಟಿ ತಿಂದೆ. ಸುಳ್ಳು ಬರೆಯಲಾರೆ ಎಂದು ಜಂಬ ಕೊಚ್ಚಿದವಳಿಗೆ ನಿಜ ಬರೆಯುವುದು ಇಷ್ಟು ಕಷ್ಟವಾದೀತೆಂದು ಯಾರು ಬಲ್ಲರು! ಹಲ್ಲು ಕಚ್ಚಿಕೊಂಡು ಬರೆದೆ: 'ಬೆಳದಿಂಗಳಂಥ ಬಿಳಿ ಜೋಳದ ರೊಟ್ಟಿ, ಮೇಲೆ ಚೆಲ್ಲಿದ ಎಳ್ಳು, ಮುರಿದರೆ ಟಕ್ಕೆನ್ನುತ್ತದೆ, ನಾಲಿಗೆಯ ಮೇಲೆ ತಾನಾಗಿಯೇ ಕರಗುತ್ತದೆ.' ಉಳಿದ ಚಿತ್ರಗಳಿಗೂ ಹೀಗೇ ಬರೆದೆ. ಯಂತ್ರಕ್ಕೆ ತೋರಿಸಿದೆ. ಒಂದೂ ಗುಳ್ಳೆಯಿಲ್ಲ.

ಮೊನ್ನೆ ಪಡಸಾಲೆಯಲ್ಲಿ ಅತ್ತೆ ಸುಶೀಲಾಳ ಸೈಟು ತೆರೆಸಿಕೊಂಡು ಕುಳಿತರು. ಫೋನಿನ್ಯಾಕಿ ನನ್ನ ಮಾತುಗಳನ್ನು ಒಂದೊಂದಾಗಿ, ರಾಗವಾಗಿ ಓದಿದಳು. ನಾನು ಬಾಗಿಲ ಹಿಂದೆ ಅಲ್ಲ, ಈ ಸಲ ಅವರ ಎದುರಿಗೇ ಕುಳಿತಿದ್ದೆ. ಕೇಳುತ್ತಾ ಕೇಳುತ್ತಾ ಅತ್ತೆ ತಲೆದೂಗಿದರು, ಕಣ್ಣು ಮುಚ್ಚಿದರು, ಕೊನೆಗೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಕೇಳಿದೇನ ಶಾಂತಾ? ಎಷ್ಟ ಚಂದ ಬರದಾಳ ನಮ್ಮ ಸುಶೀಲಾ! ನೀನೂ ಬರೀತಿ, ಇಲ್ಲ ಅನ್ನೂದಿಲ್ಲ. ಆದ್ರ ಒಂದಷ್ಟ ಅಕಿ ಹಂತ್ಯಾಕ ಕುಂತ ಕಲೀಬಾರದ?"